ಚಿತಾಭಸ್ಮ ಖಜಾನೆಯಲ್ಲಿದೆ, ಚರಿತ್ರೆ ಎಲ್ಲಿದೆ?

ಪ್ರತಿವರ್ಷ ಜನವರಿ 30ರಂದು ಮಡಿಕೇರಿಯ ಜಿಲ್ಲಾ ಖಜಾನೆಯಿಂದ ಗಾಂಧೀಜಿಯವರ ಚಿತಾಭಸ್ಮದ ಕರಂಡಕ ಹೊರಬರುತ್ತದೆ. ಮೆರವಣಿಗೆಯಲ್ಲಿ ಗಾಂಧಿ ಮೈದಾನದ ಮಂಟಪಕ್ಕೆ ಹೋಗುತ್ತದೆ. ಅಲ್ಲಿ ಪ್ರಾರ್ಥನೆ, ಪುಷ್ಪಾರ್ಚನೆ, ಒಂದೆರಡು ಭಾಷಣ. ಆಮೇಲೆ ಮತ್ತೆ ಖಜಾನೆಗೆ. ಇದಕ್ಕೊಂದು ಶಾಶ್ವತ ಸ್ಮಾರಕ ಬೇಕು ಎಂಬ ಬೇಡಿಕೆ ಜಿಲ್ಲೆಯಲ್ಲಿ ಹಳೆಯದು. ಜಾಗ ಯಾವುದು, ಅನುದಾನ ಎಷ್ಟು, ನಕ್ಷೆ ಹೇಗಿರಬೇಕು ಎಂಬ ಮಾತುಗಳು ವರ್ಷಕ್ಕೊಮ್ಮೆ ಮೇಲೆದ್ದು ತಣ್ಣಗಾಗುತ್ತವೆ. ಈ ಚರ್ಚೆಯಲ್ಲಿ ಕೇಳದೇ ಉಳಿಯುವ ಪ್ರಶ್ನೆಗಳೇ ಬೇರೆ. ಒಳಗೆ ಏನಿಡುತ್ತೇವೆ, ಅದರ ಬಗ್ಗೆ ಏನು ಬರೆಯುತ್ತೇವೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನೋಡಿಕೊಳ್ಳುವವರು ಯಾರು?

ಹಾಗೆ ನೋಡಿದರೆ ವಸ್ತುವಿನ ಸುರಕ್ಷತೆಗೆ ಖಜಾನೆ ಕೆಟ್ಟ ಜಾಗವಲ್ಲ. ಖಜಾನೆಯ ಭದ್ರತಾ ಕೊಠಡಿಗೆ ಡಬಲ್ ಲಾಕ್ ಇರುತ್ತದೆ. ಎರಡು ಕೀಲಿ, ಇಬ್ಬರು ಅಧಿಕಾರಿ, ಒಳಹೊರಗೆ ಹೋದದ್ದಕ್ಕೆಲ್ಲ ನಮೂದು. ನಮ್ಮ ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಇಷ್ಟೂ ಇಲ್ಲ. 1948ರಲ್ಲಿ ದೇಶದ ಉದ್ದಗಲಕ್ಕೆ ಹಂಚಿಹೋದ ಚಿತಾಭಸ್ಮದ ಪಾಲುಗಳಿಗೆ ಬೇರೆಡೆ ಏನಾಯಿತು ಎಂದು ನೋಡಿದರೆ ಇದರ ಬೆಲೆ ತಿಳಿಯುತ್ತದೆ. ಕಟಕ್‌ನಲ್ಲಿ ಒಂದು ಪಾಲು ದಶಕಗಳ ಕಾಲ ಬ್ಯಾಂಕಿನ ಲಾಕರ್‌ನಲ್ಲಿ ಮರೆತುಹೋಗಿತ್ತು. ವಿಷಯ ಕೋರ್ಟಿನವರೆಗೆ ಹೋಗಿ, ಕಡೆಗೆ 1997ರ ಜನವರಿ 30ರಂದು ಅಲಹಾಬಾದಿನಲ್ಲಿ ವಿಸರ್ಜನೆಯಾಯಿತು. ರೇವಾದಲ್ಲಿ 2019ರ ಗಾಂಧಿ ಜಯಂತಿಯ ಹೊತ್ತಿಗೆ ಚಿತಾಭಸ್ಮವೇ ಕಳುವಾಗಿದೆ ಎಂಬ ದೂರು ದಾಖಲಾಯಿತು. ಮಡಿಕೇರಿಯ ಕರಂಡಕ ಭದ್ರವಾಗಿದೆ. ಆದರೆ ಭದ್ರವಾಗಿಡುವುದು ಅರ್ಧ ಕೆಲಸ. ಇನ್ನರ್ಧ, ಗಾಂಧೀಜಿ 1934ರ ಫೆಬ್ರವರಿಯಲ್ಲಿ ಕೊಡಗಿಗೆ ಯಾಕೆ ಬಂದರು ಎಂಬುದನ್ನು ಹೇಳುವುದು. ಅದಕ್ಕೆ ಊರಿನಲ್ಲಿ ಒಂದು ಕೊಠಡಿಯೂ ಇಲ್ಲ.

ಈ ಅರ್ಧವನ್ನು ಹೇಗೆ ಮಾಡಬಹುದು, ಹೇಗೆ ಮಾಡಬಾರದು ಎರಡಕ್ಕೂ ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನಲ್ಲಿರುವ ತಾಣಗಳು ಒಳ್ಳೆಯ ಪಾಠ. ಕಿಂಗ್ 1959ರಲ್ಲಿ ಭಾರತಕ್ಕೆ ಬಂದಾಗ ಮುಂಬೈಯ ಮಣಿಭವನದಲ್ಲಿ, ಗಾಂಧೀಜಿ ಇದ್ದ ಮನೆಯಲ್ಲೇ ತಂಗಿದ್ದರು. ಒಬ್ಬ ನಾಯಕನ ಕೊಠಡಿ ಇನ್ನೊಬ್ಬನ ಮೇಲೆ ಏನು ಮಾಡಬಲ್ಲದು ಎಂಬುದು ಅವರಿಗೆ ಗೊತ್ತಿತ್ತು. ಒಂಬತ್ತು ವರ್ಷಗಳ ನಂತರ ಅವರೇ ಕೊನೆಯದಾಗಿ ತಂಗಿದ ಕೊಠಡಿ ಮುಂದೆ ಸ್ಮಾರಕವಾಯಿತು.

ಮೆಂಫಿಸ್: ಕಸದ ಲಾರಿಯೂ ಪ್ರದರ್ಶನಕ್ಕೆ

1968ರ ಏಪ್ರಿಲ್ 4ರ ಸಂಜೆ ಮೆಂಫಿಸ್ ನಗರದ ಲೊರೇನ್ ಮೋಟೆಲ್‌ನಲ್ಲಿ, 306ನೇ ಕೊಠಡಿಯ ಹೊರಗಿನ ಮೊಗಸಾಲೆಯಲ್ಲಿ ನಿಂತಿದ್ದ ಕಿಂಗ್‌ಗೆ ಗುಂಡು ಬಿತ್ತು. ಮಾಲೀಕ ವಾಲ್ಟರ್ ಬೈಲಿ ಆ ಕೊಠಡಿಯನ್ನು ಮತ್ತೆ ಬಾಡಿಗೆಗೆ ಕೊಡಲಿಲ್ಲ. ವ್ಯಾಪಾರ ಬಿದ್ದುಹೋಗಿ, 1982ರಲ್ಲಿ ಮೋಟೆಲ್ ಹರಾಜಿಗೆ ಬಂದಾಗ ಸ್ಥಳೀಯರು ಕಟ್ಟಿಕೊಂಡ ಪ್ರತಿಷ್ಠಾನವೊಂದು 1,44,000 ಡಾಲರ್‌ಗೆ ಕೊಂಡುಕೊಂಡಿತು. ಅಲ್ಲಿಂದ ಮ್ಯೂಸಿಯಂ ಬಾಗಿಲು ತೆರೆಯಲು 1991ರ ಸೆಪ್ಟೆಂಬರ್‌ವರೆಗೆ ಕಾಯಬೇಕಾಯಿತು. ಹೊರಮುಖವನ್ನು 1968ರಲ್ಲಿ ಇದ್ದಂತೆಯೇ ಉಳಿಸಿಕೊಂಡು, ಒಳಗಿನ ಹೆಚ್ಚಿನ ಭಾಗವನ್ನು ಖಾಲಿ ಮಾಡಿ ಪ್ರದರ್ಶನಾಂಗಣ ಮಾಡಿದರು. 306ನೇ ಕೊಠಡಿಯನ್ನು ಗಾಜಿನಾಚೆಯಿಂದ ನೋಡಬಹುದು. ಕೆಳಗೆ ಆ ಕಾಲದ ಎರಡು ಕಾರು ನಿಂತಿವೆ, ಕಂಬಿಗೆ ಹೂವಿನ ಚಕ್ರ ತೂಗಿದೆ.

ಇದಿಷ್ಟೇ ಆಗಿದ್ದರೆ ಅದು ಸಾವಿನ ಸ್ಥಳವಾಗಿ ಉಳಿಯುತ್ತಿತ್ತು. ಮೆಂಫಿಸ್‌ನ ಮ್ಯೂಸಿಯಂ ನೋಡಲೇಬೇಕಾದ್ದು ಎನಿಸುವುದು ಅಲ್ಲಿ ಒಳಗಿರುವ ಒಂದು ಕಸದ ಲಾರಿಯ ಕಾರಣಕ್ಕೆ. ಕಿಂಗ್ ಮೆಂಫಿಸ್‌ಗೆ ಹೋದದ್ದೇ ಪೌರಕಾರ್ಮಿಕರ ಮುಷ್ಕರಕ್ಕೆ ಬೆಂಬಲ ಕೊಡಲು. 1968ರ ಫೆಬ್ರವರಿ 1ರಂದು ಕಸ ಒತ್ತುವ ಯಂತ್ರಕ್ಕೆ ಸಿಕ್ಕಿ ಇಬ್ಬರು ಕಾರ್ಮಿಕರು ಸತ್ತಿದ್ದರು. ಸುಮಾರು 1,300 ಮಂದಿ ಕೆಲಸ ನಿಲ್ಲಿಸಿ, 'ನಾನೊಬ್ಬ ಮನುಷ್ಯ' ಎಂದು ಬರೆದ ಫಲಕ ಹಿಡಿದು ಬೀದಿಗಿಳಿದರು. ಮ್ಯೂಸಿಯಂ ಅಂಥದೊಂದು ಲಾರಿಯನ್ನೂ ಆ ಫಲಕವನ್ನೂ ಕಥೆಯ ನಡುವೆ ಇಟ್ಟಿದೆ. ಹೀಗಾಗಿ 306ನೇ ಕೊಠಡಿಯ ಗಾಜಿನ ಮುಂದೆ ಬಂದು ನಿಲ್ಲುವ ಹೊತ್ತಿಗೆ, ಈ ಮನುಷ್ಯ ಇಲ್ಲಿ ಯಾರಿಗಾಗಿ ಬಂದಿದ್ದ ಎಂಬುದು ನೋಡುವವರಿಗೆ ಗೊತ್ತಿರುತ್ತದೆ. ನಾಯಕನ ಕನ್ನಡಕ, ಕೈಗಡಿಯಾರ, ಚಪ್ಪಲಿ ಮಾತ್ರ ಇಟ್ಟ ಕಡೆ ಇದು ಆಗುವುದಿಲ್ಲ.

2002ರಲ್ಲಿ ಮ್ಯೂಸಿಯಂ ರಸ್ತೆಯಾಚೆಗೂ ವಿಸ್ತರಿಸಿತು. ಗುಂಡು ಹಾರಿದ ಕಿಟಕಿ ಇದ್ದ ಹಳೆಯ ವಸತಿಗೃಹವನ್ನು ಸೇರಿಸಿಕೊಂಡು ತನಿಖೆಯ ಸಾಕ್ಷ್ಯಗಳನ್ನು ಅಲ್ಲಿಟ್ಟರು. ಕೊಲೆಗಾರನಿಗೆ ಇಷ್ಟು ಜಾಗ ಯಾಕೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಆ ಸಾಕ್ಷ್ಯಗಳು ಒಂದು ಕಡೆ ಇರದಿದ್ದರೆ ಊಹಾಪೋಹಗಳೇ ಇತಿಹಾಸವಾಗುತ್ತಿದ್ದವು ಎಂಬ ವಾದ ಹೆಚ್ಚು ಗಟ್ಟಿ.

ಅದೇ ಮೋಟೆಲ್‌ಗೆ ಇನ್ನೊಂದು ಮುಖವಿದೆ. 1988ರಲ್ಲಿ ಮ್ಯೂಸಿಯಂ ಕೆಲಸಕ್ಕೆಂದು ಅಲ್ಲಿನ ಕೊನೆಯ ಬಾಡಿಗೆದಾರ ಹೆಂಗಸನ್ನು ಹೊರಹಾಕಿದರು. ಆಕೆ ಎದುರಿನ ರಸ್ತೆಯಲ್ಲಿ ಕುಳಿತು ದಶಕಗಟ್ಟಲೆ ಪ್ರತಿಭಟಿಸಿದರು. ಬಡವರ ಪರ ಹೋರಾಡಿದವನ ಹೆಸರಿನಲ್ಲಿ ಬಡವರನ್ನು ಎಬ್ಬಿಸಿ, ಲಕ್ಷಾಂತರ ಡಾಲರ್ ಕಟ್ಟಡಕ್ಕೆ ಸುರಿಯುವುದು ಯಾವ ನ್ಯಾಯ ಎಂಬುದು ಆಕೆಯ ಪ್ರಶ್ನೆ. ಸ್ಮಾರಕ ಬಂದ ಕಡೆ ಸುತ್ತಲಿನ ಬಾಡಿಗೆ ಏರುತ್ತದೆ, ಅಂಗಡಿಗಳು ಬದಲಾಗುತ್ತವೆ, ಮೊದಲು ಜಾಗ ಬಿಡಬೇಕಾದವರು ಅಲ್ಲೇ ಬದುಕಿದ್ದವರು. ಯೋಜನಾ ವರದಿಯಲ್ಲಿ ಈ ಲೆಕ್ಕ ಇರುವುದೇ ಇಲ್ಲ.

ಮನೆ ಉಳಿಸುವುದೆಂದರೆ ಒಂದು ಇಸವಿ ಆರಿಸುವುದು

ಅಟ್ಲಾಂಟಾದ ಆಬರ್ನ್ ಅವೆನ್ಯೂ 501ನೇ ನಂಬರಿನ ಮನೆಯಲ್ಲಿ 1929ರ ಜನವರಿ 15ರಂದು ಕಿಂಗ್ ಹುಟ್ಟಿದರು. ಮನೆ ಕಟ್ಟಿದ್ದು 1895ರಲ್ಲಿ, ಮರದ್ದು, ಎರಡಂತಸ್ತಿನದು. ಒಂದು ಸಲಕ್ಕೆ ಒಳಗೆ ಬಿಡುತ್ತಿದ್ದದ್ದು 15 ಜನರನ್ನು ಮಾತ್ರ. ಮರದ ಮಹಡಿ, ಕಿರಿದಾದ ಮೆಟ್ಟಿಲಿರುವ ಇಂಥ ಮನೆಗೆ ಇದು ದರ್ಪವಲ್ಲ, ಅಗತ್ಯ. ಒಟ್ಟಿಗೆ ಐವತ್ತು ಜನ ಮೇಲೆ ಹತ್ತಿದರೆ ತೊಲೆಗಳು ಬಾಗುತ್ತವೆ. ಜನರ ಉಸಿರು, ಬೆವರಿನಿಂದ ಮುಚ್ಚಿದ ಕೊಠಡಿಯ ತೇವಾಂಶವೂ ಏರುತ್ತದೆ. ಇಷ್ಟಾದರೂ 2023ರ ನವೆಂಬರ್‌ನಲ್ಲಿ ದೊಡ್ಡ ದುರಸ್ತಿಗಾಗಿ ಮನೆಯನ್ನು ಮುಚ್ಚಬೇಕಾಯಿತು. ಮುಂದಿನ ತಿಂಗಳೇ ಒಬ್ಬಾಕೆ ಪೆಟ್ರೋಲ್ ಸುರಿದು ಬೆಂಕಿ ಹಚ್ಚಲು ಹೊರಟಾಗ, ದಾರಿಹೋಕರು ತಡೆದರು. ಮರದ ಮನೆಗೆ ಕಾವಲು ಖರ್ಚು ಕಟ್ಟುವವರು ಇದನ್ನು ನೆನಪಿಡಬೇಕು.

ಮನೆಯೊಂದನ್ನು 'ಇದ್ದ ಹಾಗೇ' ಉಳಿಸುತ್ತೇವೆ ಎನ್ನುವುದು ಬಾಯಿಮಾತು. ಯಾವಾಗ ಇದ್ದ ಹಾಗೆ? ಮನೆಗಳು ವರ್ಷವರ್ಷವೂ ಬದಲಾಗುತ್ತವೆ. ಗೋಡೆ ಬಣ್ಣ, ಬಾಗಿಲು, ಕಕ್ಕಸು, ಕರೆಂಟು. ಅದೇ ಬೀದಿಯ ಎಬೆನೀಜರ್ ಚರ್ಚನ್ನು 1960ರಿಂದ 1968ರವರೆಗಿನ ರೂಪಕ್ಕೆ ತಂದಿದ್ದಾರೆ, ಏಕೆಂದರೆ ಕಿಂಗ್ ತಂದೆಯ ಜೊತೆ ಅಲ್ಲಿ ಪಾದ್ರಿಯಾಗಿದ್ದದ್ದು ಆ ಅವಧಿಯಲ್ಲಿ. ಒಳಗೆ ಖಾಲಿ ಬೆಂಚುಗಳು, ಅವರ ಉಪದೇಶದ ಧ್ವನಿಮುದ್ರಣ. ಇಸವಿ ನಿಶ್ಚಯವಾದ ಮೇಲೆ ದುರಸ್ತಿಯ ಪ್ರತಿಯೊಂದು ತೀರ್ಮಾನಕ್ಕೂ ಅದೇ ಅಳತೆಗೋಲು. ಇಸವಿ ನಿಶ್ಚಯಿಸದೆ ಕೆಲಸ ಶುರುಮಾಡಿದರೆ ಗುತ್ತಿಗೆದಾರನ ಅಭಿರುಚಿಯೇ ಇತಿಹಾಸವಾಗಿಬಿಡುತ್ತದೆ. ಗ್ರಾನೈಟ್ ನೆಲ, ಜಿಪ್ಸಮ್ ಚಾವಣಿ, ಎಲ್‌ಇಡಿ ಪಟ್ಟಿ.

ಮಡಿಕೇರಿಯಲ್ಲಿ ಇದಕ್ಕೆ ಎರಡು ಬಗೆಯ ಉದಾಹರಣೆ ಕಣ್ಣೆದುರೇ ಇವೆ. ಜನರಲ್ ತಿಮ್ಮಯ್ಯನವರ 'ಸನ್ನಿ ಸೈಡ್' ಮನೆ ಸಾರಿಗೆ ಕಚೇರಿಯಾಗಿ ಬಳಕೆಯಾಗಿ, ಕಡೆಗೆ 2021ರ ಫೆಬ್ರವರಿ 6ರಂದು ವಸ್ತುಸಂಗ್ರಹಾಲಯವಾಗಿ ತೆರೆಯಿತು. ಮನೆಯೇ ಮೊದಲ ವಸ್ತು ಎಂಬ ತಿಳಿವಳಿಕೆಯಿಂದ ಆದ ಕೆಲಸ ಅದು. ಕೋಟೆಯೊಳಗಿನ ಅರಮನೆ ಇನ್ನೊಂದು ಬಗೆ. ವರ್ಷಗಟ್ಟಲೆ ಸರ್ಕಾರಿ ಕಚೇರಿಗಳ ತಾಣವಾಗಿ, ಚಾವಣಿ ಸೋರಿ, ದುರಸ್ತಿಯ ಮಾತು ಹೈಕೋರ್ಟ್ ಮೆಟ್ಟಿಲೇರಿತು. ಅದೇ ಕೋಟೆಯ 1855ರ ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ 1971ರಿಂದ ಸರ್ಕಾರಿ ಮ್ಯೂಸಿಯಂ ನಡೆಯುತ್ತಿದೆ. ಪ್ರವಾಸಿಗರು ಒಂದು ಸುತ್ತು ಹಾಕಿ ಹೊರಬರುತ್ತಾರೆ.

ಕಾಗದ ಯಾರದು?

ಕಿಂಗ್‌ರ ಬರಹಗಳ ಕಥೆ ಎಲ್ಲಕ್ಕಿಂತ ಹೆಚ್ಚು ಎಚ್ಚರಿಸುವಂಥದ್ದು. 1964ರಲ್ಲಿ ಅವರೇ ತಮ್ಮ ಕಾಗದಪತ್ರಗಳ ಒಂದು ಭಾಗವನ್ನು ಬಾಸ್ಟನ್ ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. 1987ರಲ್ಲಿ ಪತ್ನಿ ಕೊರೆಟ್ಟಾ ಅವನ್ನು ವಾಪಸ್ ಕೇಳಿ ದಾವೆ ಹೂಡಿ, 1993ರಲ್ಲಿ ಸೋತರು. ಉಳಿದ ದೊಡ್ಡ ಸಂಗ್ರಹ 2006ರಲ್ಲಿ ಹರಾಜಿಗೆ ಬಂತು. ಅಟ್ಲಾಂಟಾದ ಮೇಯರ್ ಮುಂದಾಳತ್ವದಲ್ಲಿ ಊರಿನವರು 3.2 ಕೋಟಿ ಡಾಲರ್ ಹೊಂದಿಸಿ, ಹರಾಜಿಗೆ ಮುಂಚೆಯೇ ಕೊಂಡು, ಕಿಂಗ್ ಓದಿದ ಮೋರ್‌ಹೌಸ್ ಕಾಲೇಜಿಗೆ ಒಪ್ಪಿಸಿದರು. ನೊಬೆಲ್ ಪದಕ ಮತ್ತು ಬೈಬಲ್ ವಿಷಯಕ್ಕೆ ಮಕ್ಕಳ ನಡುವೆಯೇ ವ್ಯಾಜ್ಯ ನಡೆಯಿತು. ವಾಷಿಂಗ್ಟನ್ನಿನ ಸ್ಮಾರಕಕ್ಕೆ ಅವರ ಮಾತು, ಚಿತ್ರ ಬಳಸಲು ಕುಟುಂಬದ ಸಂಸ್ಥೆಗೆ ಸುಮಾರು 8 ಲಕ್ಷ ಡಾಲರ್ ಕೊಡಬೇಕಾಯಿತು.

ಕೊಡಗಿನಲ್ಲಿ ಪರಿಸ್ಥಿತಿ ಇಷ್ಟು ದುಬಾರಿಯಲ್ಲ, ಆದರೆ ಗೊಂದಲ ಅದೇ. ಸ್ವಾತಂತ್ರ್ಯ ಚಳವಳಿಯ, ದಲಿತ ಮತ್ತು ಆದಿವಾಸಿ ಹೋರಾಟದ ಕಾಗದಗಳು ಐನ್‌ಮನೆಗಳ (ಕೊಡವ ಕುಲಗಳ ಮೂಲ ಮನೆಗಳ) ಪೆಟ್ಟಿಗೆಯಲ್ಲಿ, ವಕೀಲರ ಬೀರುವಿನಲ್ಲಿ, ಸಂಘಟನೆಗಳ ಬಾಡಿಗೆ ಕೊಠಡಿಯಲ್ಲಿ ಇರುತ್ತವೆ. ಯಾರೋ ಒಬ್ಬರು ಸತ್ತ ವರ್ಷವೇ ಗುಜರಿಗೆ ಹೋಗುತ್ತವೆ. ಪ್ರದರ್ಶನಕ್ಕೆಂದು ಬಾಯಿಮಾತಿನಲ್ಲಿ ಪಡೆದದ್ದು ಹತ್ತು ವರ್ಷದ ನಂತರ ಮೊಮ್ಮಕ್ಕಳು ವಾಪಸ್ ಕೇಳಲು ಬರುವ ಹೊತ್ತಿಗೆ ಎಲ್ಲಿದೆ ಎಂದೇ ಗೊತ್ತಿರುವುದಿಲ್ಲ.

ಆದ್ದರಿಂದ ಮೊದಲ ಕೆಲಸ ದಾನಪತ್ರ. ಕೊಡುವವರ ಹೆಸರು, ವಸ್ತುವಿನ ವಿವರ, ಕೊಟ್ಟದ್ದು ಶಾಶ್ವತವಾಗಿಯೋ ಎರವಲಾಗಿಯೋ, ಪ್ರಕಟಿಸುವ ಹಕ್ಕು ಯಾರದು, ಸಂಸ್ಥೆ ಮುಚ್ಚಿದರೆ ಎಲ್ಲಿಗೆ ಹೋಗಬೇಕು. ಇಷ್ಟನ್ನು ಒಂದು ಪುಟದಲ್ಲಿ ಬರೆಸಿ ಇಬ್ಬರೂ ಸಹಿ ಹಾಕಬೇಕು. ಎರಡನೆಯದು ದಾಖಲಾತಿ ರಿಜಿಸ್ಟರ್. ಬಂದ ವರ್ಷ, ಆ ವರ್ಷದ ಎಷ್ಟನೇ ದಾನ, ಅದರೊಳಗೆ ಎಷ್ಟನೇ ವಸ್ತು ಎಂಬ ಕ್ರಮದಲ್ಲಿ 2025.3.12 ಎಂಬಂಥ ಸಂಖ್ಯೆ ಸಾಕು. ಕಾಗದದ ಹಿಂದೆ ಅದನ್ನು ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಬೇಕು. ಬಾಲ್‌ಪೆನ್ ಶಾಯಿ ತೇವಕ್ಕೆ ಇಳಿದು ಮುಂಬದಿಗೆ ಮೂಡುತ್ತದೆ. ಬಟ್ಟೆಗೆ ಹತ್ತಿಯ ಪಟ್ಟಿಯಲ್ಲಿ ಬರೆದು ಅಂಚಿಗೆ ಹೊಲಿಯಬೇಕು, ಪಿನ್ನು ಕೂಡದು. ರಿಜಿಸ್ಟರ್ ಹೊಲಿದ ಪುಸ್ತಕವಾಗಿರಲಿ, ಪುಟಗಳಿಗೆ ನಂಬರಿರಲಿ. ಎಕ್ಸೆಲ್ ಫೈಲು ಬೇಕು, ಆದರೆ ಅದೊಂದೇ ಸಾಲದು. ನೋಡಿಕೊಳ್ಳುತ್ತಿದ್ದ ಗುತ್ತಿಗೆ ನೌಕರ ಬಿಟ್ಟುಹೋದ ದಿನ ಪಾಸ್‌ವರ್ಡೂ ಹೋಗುತ್ತದೆ.

ಮೂರನೆಯದು ಸ್ಥಿತಿ ವರದಿ. ವಸ್ತು ಬಂದ ದಿನವೇ ನಾಲ್ಕೂ ಕಡೆಯಿಂದ ಫೋಟೊ ತೆಗೆದು, ಬಿರುಕು, ಕಲೆ, ಕಿಲುಬು ಎಲ್ಲೆಲ್ಲಿದೆ ಎಂದು ಬರೆದಿಡುವುದು. ಖಜಾನೆಯ ಕರಂಡಕಕ್ಕೂ ಇದು ಅನ್ವಯಿಸುತ್ತದೆ. ವರ್ಷಕ್ಕೊಮ್ಮೆ ಹೊರತಂದು, ಮೆರವಣಿಗೆಯಲ್ಲಿ ಸಾಗಿಸಿ, ಹೂವು ಅರ್ಪಿಸಿ ಮರಳಿಸುವ ಯಾವ ವಸ್ತುವಿಗೂ ಹೋಗುವ ಮುನ್ನ, ಬಂದ ಮೇಲೆ ಎರಡು ಸಲ ಫೋಟೊ ಬೇಕು. ಒದ್ದೆ ಹೂವು ಲೋಹಕ್ಕೆ ನೇರ ತಾಗಬಾರದು. ತಾಮ್ರ, ಹಿತ್ತಾಳೆಗೆ ಹೂವಿನ ನೀರು, ಕೈಬೆವರು, ಕುಂಕುಮ ಬಿದ್ದರೆ ಹಸಿರು ಕಿಲುಬು ಶುರುವಾಗುತ್ತದೆ. ಅದನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ ಹೊಳೆಯಿಸುವುದು ಮನೆಯ ಚೆಂಬಿಗೆ ಸರಿ, ಚಾರಿತ್ರಿಕ ವಸ್ತುವಿಗೆ ಅಲ್ಲ. ಪ್ರತಿ ಸಲ ತಿಕ್ಕಿದಾಗಲೂ ಮೇಲ್ಮೈಯ ಒಂದು ಪದರವೇ ಹೋಗುತ್ತದೆ.

ಕಲ್ಲಿನ ಮೇಲೆ ಬರೆದದ್ದು ತಪ್ಪಾದರೆ

ವಾಷಿಂಗ್ಟನ್ನಿನ ಕಿಂಗ್ ಸ್ಮಾರಕ 2011ರಲ್ಲಿ ತೆರೆಯಿತು. 30 ಅಡಿ ಎತ್ತರದ ಕಲ್ಲಿನ ಪ್ರತಿಮೆ, ಒಟ್ಟು ಖರ್ಚು ಸುಮಾರು 12 ಕೋಟಿ ಡಾಲರ್. ಅದರ ಒಂದು ಬದಿಯಲ್ಲಿ, ನಾನು ನ್ಯಾಯದ, ಶಾಂತಿಯ, ಧರ್ಮದ ಮೆರವಣಿಗೆಯ ಮುಂದಾಳಾಗಿದ್ದೆ ಎಂಬರ್ಥದ ಸಾಲು ಕೆತ್ತಿದ್ದರು. ಕಿಂಗ್ ಹೇಳಿದ್ದು ಹಾಗಲ್ಲ. ನನ್ನನ್ನು ಮುಂದಾಳು ಎಂದು ಕರೆಯಲೇಬೇಕೆಂದಿದ್ದರೆ, ನ್ಯಾಯಕ್ಕಾಗಿ ಮುಂದಾಳಾಗಿದ್ದ ಎಂದು ಹೇಳಿ ಎಂದಿದ್ದರು. ಆ 'ಎಂದಿದ್ದರೆ' ಬಿಟ್ಟುಹೋದಾಗ ವಿನಯದ ಮಾತು ಜಂಬವಾಯಿತು. ಕವಯಿತ್ರಿ ಮಾಯಾ ಆಂಜೆಲೋ ಬಹಿರಂಗವಾಗಿ ಆಕ್ಷೇಪಿಸಿದರು. 2013ರಲ್ಲಿ ಆ ಸಾಲನ್ನು ಕೆರೆದು, ಮೇಲೆ ಗೀರುಗಳನ್ನು ಕೆತ್ತಿ ಮುಚ್ಚಿದರು. ಕಲ್ಲಿನಲ್ಲಿ ಜಾಗ ಸಾಲದೆ ಮಾತನ್ನು ಮೊಟಕು ಮಾಡಿದ್ದರಿಂದ ಆದ ಎಡವಟ್ಟಿದು. ನಮ್ಮಲ್ಲಿ ವಾಟ್ಸ್ಆಪ್ ಸುವಿಚಾರಗಳನ್ನೇ ಗಾಂಧಿ, ಅಂಬೇಡ್ಕರ್ ಹೆಸರಿನಲ್ಲಿ ಗ್ರಾನೈಟಿಗೆ ಕೆತ್ತಿಸುವ ಉತ್ಸಾಹ ಇರುವುದರಿಂದ, ಮೂಲ ಸಂಪುಟ, ಪುಟಸಂಖ್ಯೆ ತೋರಿಸದ ಯಾವ ಉಲ್ಲೇಖವನ್ನೂ ಕೆತ್ತಿಸುವಂತಿಲ್ಲ ಎಂಬ ಷರತ್ತು ಟೆಂಡರಿನಲ್ಲೇ ಇರುವುದು ಒಳ್ಳೆಯದು.

ಕೆತ್ತನೆ ತಪ್ಪಿಗಿಂತ ದೊಡ್ಡದು, ಬಿಟ್ಟುಬಿಡುವ ತಪ್ಪು. 1934ರ ಭೇಟಿಯ ಬಗ್ಗೆ ಕೊಡಗಿನಲ್ಲಿ ಎಲ್ಲರಿಗೂ ಗೊತ್ತಿರುವುದು ಕೊಡಗಿನ ಗೌರಮ್ಮನ ಕಥೆ. ಗುಂಡುಕುಟ್ಟಿ ತೋಟದಲ್ಲಿ ಗಾಂಧೀಜಿ ತಂಗಿದ್ದಾಗ, ತಮ್ಮ ಮನೆಗೂ ಬರಬೇಕೆಂದು ಉಪವಾಸ ಕುಳಿತು, ಅವರನ್ನು ಕರೆಸಿಕೊಂಡು, ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಕಥೆಗಾರ್ತಿ. ಆಗ ಆಕೆಗೆ ಇಪ್ಪತ್ತೆರಡು ತುಂಬಿರಲಿಲ್ಲ. 1939ರಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಹೇಳಲೇಬೇಕಾದ ಕಥೆ, ಸಂದೇಹವಿಲ್ಲ. ಆದರೆ ಆ ಪ್ರವಾಸ ಅಸ್ಪೃಶ್ಯತೆಯ ವಿರುದ್ಧ 1933ರ ನವೆಂಬರ್‌ನಿಂದ 1934ರ ಜುಲೈ ಕೊನೆಯವರೆಗೆ ನಡೆದದ್ದು. ಸುಮಾರು 12,500 ಮೈಲಿ, 8 ಲಕ್ಷ ರೂಪಾಯಿ ನಿಧಿ. ಕೊಟ್ಟವರ ಕಥೆ ಉಳಿಯಿತು. ಯಾರಿಗಾಗಿ ಕೊಟ್ಟರೋ ಅವರು ಆ ಹೊತ್ತು ಕೊಡಗಿನಲ್ಲಿ ಎಲ್ಲಿ ನೀರು ಸೇದುತ್ತಿದ್ದರು, ಯಾವ ಹೋಟೆಲಿನ ಹೊರಗೆ ನಿಲ್ಲುತ್ತಿದ್ದರು, ತೋಟದ ಲೈನ್‌ಮನೆಯಲ್ಲಿ (ಕೂಲಿಯಾಳುಗಳ ಸಾಲುಮನೆಯಲ್ಲಿ) ಎಷ್ಟು ಜನ ಮಲಗುತ್ತಿದ್ದರು ಎಂಬುದು ಯಾವ ಫಲಕದಲ್ಲೂ ಇಲ್ಲ. ಮೆಂಫಿಸ್‌ನ ಕಸದ ಲಾರಿಗೆ ಕೊಡಗಿನಲ್ಲಿ ಸಮನಾದದ್ದು ಲೈನ್‌ಮನೆ. ಸ್ಮಾರಕ ಕಟ್ಟುವುದಾದರೆ ಒಂದು ಲೈನ್‌ಮನೆಯ ಕೊಠಡಿಯನ್ನು ಅದೇ ಅಳತೆಯಲ್ಲಿ ಒಳಗೆ ಕಟ್ಟಿ ತೋರಿಸಬೇಕು.

ಜೊತೆಗೆ ಭಿನ್ನಮತವನ್ನೂ ಇಡಬೇಕು. ಪ್ರವಾಸ ಹೊರಟದ್ದು ದಲಿತರ ರಾಜಕೀಯ ಪ್ರಾತಿನಿಧ್ಯದ ಬಗ್ಗೆ ಆದ 1932ರ ಪೂನಾ ಒಪ್ಪಂದದ ಮರುವರ್ಷ. ಗಾಂಧೀಜಿಯ ದಾರಿಯನ್ನು ಅಂಬೇಡ್ಕರ್ ಕಟುವಾಗಿ ಟೀಕಿಸಿದರು. 'ಹರಿಜನ' ಎಂಬ ಹೆಸರನ್ನೇ ಇಂದು ದಲಿತರು ಒಪ್ಪುವುದಿಲ್ಲ. ಇದನ್ನು ಗೋಡೆಯ ಮೇಲೆ ಬರೆಯದ ಗಾಂಧಿ ಸ್ಮಾರಕಕ್ಕೆ ಶಾಲಾ ಮಕ್ಕಳನ್ನು ಕರೆತಂದು ಪ್ರಯೋಜನವಿಲ್ಲ. ಅಂಬೇಡ್ಕರ್ ತಾಣಗಳು ಈ ವಿಷಯದಲ್ಲಿ ಹೆಚ್ಚು ಜೀವಂತ, ಯಾಕೆಂದರೆ ಅವನ್ನು ನಡೆಸುತ್ತಿರುವುದು ಇಲಾಖೆಗಿಂತ ಹೆಚ್ಚಾಗಿ ಜನ. ಅಂಬೇಡ್ಕರ್ ತೀರಿಕೊಂಡ ದಿನವಾದ ಡಿಸೆಂಬರ್ 6ಕ್ಕೆ, ಅವರ ಅಂತ್ಯಸಂಸ್ಕಾರ ನಡೆದ ಮುಂಬೈಯ ದಾದರಿನ ಚೈತ್ಯಭೂಮಿಗೆ ಬರುವ ಲಕ್ಷಾಂತರ ಮಂದಿ ಅಲ್ಲಿನ ಅಂಗಡಿಗಳಿಂದ ಪುಸ್ತಕ ಹೊತ್ತು ಮರಳುತ್ತಾರೆ. ಬೇರೆ ಯಾವ ಸ್ಮಾರಕದ ಜಾತ್ರೆಯಲ್ಲಿ ಪುಸ್ತಕ ಇಷ್ಟು ಮಾರಾಟವಾಗುತ್ತದೆ? ಲಂಡನ್ನಿನಲ್ಲಿ ಅಂಬೇಡ್ಕರ್ ಇದ್ದ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡಿತು, ಆದರೆ ವಾಸದ ಮನೆಯನ್ನು ಮ್ಯೂಸಿಯಂ ಮಾಡಲು ಸ್ಥಳೀಯ ಆಡಳಿತ ಅನುಮತಿ ಕೊಡಲಿಲ್ಲ. 2020ರಲ್ಲಿ ಮೇಲ್ಮನವಿಯಲ್ಲಿ ಒಪ್ಪಿಗೆ ಸಿಕ್ಕಿತು. ಮನೆಯ ಬಳಕೆ ಬದಲಾವಣೆಗೆ ಇಲ್ಲೂ ಅನುಮತಿ ಬೇಕು, ಕೊಳ್ಳುವ ಮುಂಚೆ ಕೇಳಬೇಕು.

ಫಲಕದ ಬಗ್ಗೆ ಒಂದೆರಡು ಅಳತೆ. ಒಂದು ವಸ್ತುವಿಗೆ 50ರಿಂದ 75 ಪದ. ಅದಕ್ಕಿಂತ ಉದ್ದವಾದರೆ ನಿಂತು ಓದುವವರಿಲ್ಲ. ಅಕ್ಷರ 24 ಪಾಯಿಂಟಿಗಿಂತ ಕಡಿಮೆ ಬೇಡ. ಗೋಡೆ ಫಲಕದ ನಡುಭಾಗ ನೆಲದಿಂದ ಸುಮಾರು 140 ಸೆಂ.ಮೀ. ಎತ್ತರಕ್ಕೆ ಬಂದರೆ ಗಾಲಿಕುರ್ಚಿಯಲ್ಲಿ ಬಂದವರಿಗೂ ಕಾಣುತ್ತದೆ. ಫ್ಲೆಕ್ಸ್ ಅಂಟಿಸಬೇಡಿ, ಕೊಡಗಿನ ತೇವಕ್ಕೆ ಎರಡನೇ ಮಳೆಗಾಲದಲ್ಲಿ ಅಂಚು ಎದ್ದು, ಹಿಂದೆ ಕಪ್ಪು ಬೂಷ್ಟು ಹಿಡಿಯುತ್ತದೆ.

ಮಳೆಯೇ ಇಲ್ಲಿನ ಮುಖ್ಯ ಎದುರಾಳಿ

ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ನಾಲ್ಕು ತಿಂಗಳಲ್ಲಿ. ಕಾಗದ, ಬಟ್ಟೆ, ಫೋಟೊಗಳಿಗೆ ಸಾಪೇಕ್ಷ ತೇವಾಂಶ 45ರಿಂದ 55 ಶೇಕಡಾ ಒಳ್ಳೆಯದು. 65 ದಾಟಿದರೆ ಬೂಷ್ಟಿನ ಭಯ ಶುರು, 70 ದಾಟಿ ಕೆಲವು ದಿನ ನಿಂತರೆ ಬಂದೇ ಬರುತ್ತದೆ. ಮಳೆ ಬಿರುಸಾಗಿರುವ ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಇಲ್ಲಿನ ಸಾಮಾನ್ಯ ಕೊಠಡಿಯೊಳಗೆ 90ರ ಆಸುಪಾಸು ಇರುವುದು ಹೊಸದಲ್ಲ. ಕಾಫಿ ಬೀಜದ ತೇವವನ್ನು ಮೀಟರ್ ಇಟ್ಟು ನೋಡದೆ ಮೂಟೆ ಕಟ್ಟದ ಜಿಲ್ಲೆಯಿದು. ಕಾಗದ ಇಟ್ಟ ಕೊಠಡಿಯ ತೇವ ಅಳೆಯುವವರು ಮಾತ್ರ ಅಪರೂಪ. ತಾಪ ಮತ್ತು ತೇವ ದಾಖಲಿಸುವ ಡಿಜಿಟಲ್ ಮಾಪಕ ದುಬಾರಿಯಲ್ಲ. ಕಟ್ಟಡ ಕಟ್ಟುವ ಮುನ್ನ ಆ ಜಾಗದ ಒಂದು ಪೂರ್ತಿ ವರ್ಷದ ಲೆಕ್ಕ ತೆಗೆದರೆ ಎಂಜಿನಿಯರಿಗೆ ಗೋಡೆ, ಕಿಟಕಿ, ಚಾವಣಿ ಹೇಗಿರಬೇಕೆಂದು ತಿಳಿಯುತ್ತದೆ.

ಎಲ್ಲರೂ ಮೊದಲು ಯೋಚಿಸುವುದು ಎಸಿ. ಅದೇ ಹೆಚ್ಚು ಹಾಳುಮಾಡುವುದು. ಬೆಳಿಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದಕ್ಕೆ ಆರಿಸಿದರೆ, ತಣ್ಣಗಾದ ಗೋಡೆ, ಗಾಜಿನ ಮೇಲೆ ಹೊರಗಿನ ತೇವದ ಗಾಳಿ ಬಂದು ನೀರಾಗಿ ಕೂರುತ್ತದೆ. ದಿನವೂ ಹಿಗ್ಗಿ ಕುಗ್ಗಿ ಫೋಟೊದ ಲೇಪ ಸೀಳುತ್ತದೆ, ಮರದ ಚೌಕಟ್ಟಿನ ಸೇರುವೆ ಬಿಡುತ್ತದೆ. ದಿನದ 24 ಗಂಟೆ ನಡೆಸಲು ಕರೆಂಟಿಲ್ಲದಿದ್ದರೆ ಎಸಿ ಬೇಡವೇ ಬೇಡ. ಇಡೀ ಕಟ್ಟಡದ ಗಾಳಿ ಒಣಗಿಸುವ ಬದಲು ಪೆಟ್ಟಿಗೆಯೊಳಗಿನ ಗಾಳಿಯನ್ನು ಒಣಗಿಸುವುದು ಅಗ್ಗ, ನಂಬಿಕೆಗೆ ಯೋಗ್ಯ. ಪ್ರದರ್ಶನ ಪೆಟ್ಟಿಗೆಯ ಪ್ರತಿ ಘನ ಮೀಟರಿಗೆ ತೇವ ಹೀರುವ ಸಿಲಿಕಾ ಜೆಲ್ ಹರಳು 20 ಕೆಜಿ ಎಂಬುದು ಹಳೆಯ ಲೆಕ್ಕ. ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲ, 40 ಸೆಂ.ಮೀ. ಎತ್ತರದ ಪೆಟ್ಟಿಗೆಗೆ 4 ಕೆಜಿ ಆಯಿತು. ಅದನ್ನು ವಸ್ತುವಿನ ಕೆಳಗೆ, ತೂತುಗಳಿರುವ ಹಲಗೆಯಡಿ ತಟ್ಟೆಯಲ್ಲಿ ಹರಡಬೇಕು. ಕಿತ್ತಳೆ ಬಣ್ಣದ ಜೆಲ್ ಹಸಿರಾದಾಗ ತೆಗೆದು, 110 ಡಿಗ್ರಿಯ ಸುಮಾರಿಗೆ ಓವನ್ನಿನಲ್ಲಿ ಎರಡು ಮೂರು ಗಂಟೆ ಕಾಯಿಸಿ, ಆರಿಸಿ ಮತ್ತೆ ಇಡಬಹುದು. ಎರಡು ತಟ್ಟೆಗಳಷ್ಟು ಇಟ್ಟುಕೊಂಡರೆ ಒಂದು ಕಾಯುವಾಗ ಇನ್ನೊಂದು ಒಳಗಿರುತ್ತದೆ. ಪೆಟ್ಟಿಗೆಯ ಬಾಗಿಲಿಗೆ ರಬ್ಬರ್ ಗ್ಯಾಸ್ಕೆಟ್ ಇಲ್ಲದಿದ್ದರೆ ಇಷ್ಟೂ ವ್ಯರ್ಥ. ಬಡಗಿ ಮಾಡಿದ ಸಾಮಾನ್ಯ ಗಾಜಿನ ಕಪಾಟಿನಲ್ಲಿ ಜೆಲ್ ವಾರದೊಳಗೆ ಸೋಲುತ್ತದೆ.

ಬೆಳಕು ಕಾಗದ, ಬಟ್ಟೆಗೆ 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು. ಖಾದಿ, ಕೈಬರಹ, ಹಳೆಯ ಪತ್ರಿಕೆ ಯಾವುದನ್ನೂ ವರ್ಷಗಟ್ಟಲೆ ಒಂದೇ ಕಡೆ ತೂಗುಹಾಕಬಾರದು. ಮೂರು ನಾಲ್ಕು ತಿಂಗಳಿಗೆ ಬದಲಿಸಿ, ಮಿಕ್ಕ ಸಮಯ ನಕಲು ಇಡಬೇಕು, ನಕಲು ಎಂದು ಬರೆದೇ ಇಡಬೇಕು. ಲ್ಯಾಮಿನೇಷನ್ ಅಂತೂ ಅಪರಾಧಕ್ಕೆ ಸಮ. ಬಿಸಿ ಪ್ಲಾಸ್ಟಿಕ್ಕು ಕಾಗದದೊಳಕ್ಕೆ ಇಳಿದ ಮೇಲೆ ತೆಗೆಯಲು ಬರುವುದಿಲ್ಲ, ಒಳಗಿನ ತೇವವೂ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸೆಲೊಟೇಪು ಹತ್ತು ವರ್ಷದಲ್ಲಿ ಕಂದು ಕಲೆಯಾಗುತ್ತದೆ. ನುಸಿಗುಳಿಗೆ ಹಾಕುವ ರೂಢಿಯನ್ನು ಬಿಡಬೇಕು. ಪುಸ್ತಕದ ಹುಳಕ್ಕೆ ಒಳ್ಳೆಯ ಮದ್ದು ಫ್ರೀಜರ್: ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿ 14 ದಿನ ಇಟ್ಟು, ಹೊರತೆಗೆದ ಮೇಲೆ ಒಂದಿಡೀ ದಿನ ಸುತ್ತಿದ್ದನ್ನು ಬಿಚ್ಚದೆ ಬಿಡಬೇಕು. ತಕ್ಷಣ ಬಿಚ್ಚಿದರೆ ಹೊರಗಿನ ತೇವ ಕಾಗದದ ಮೇಲೆ ನೀರಾಗಿ ಇಳಿಯುತ್ತದೆ. ಗೆದ್ದಲಿಗೆ ಅಡಿಪಾಯ ತೋಡುವಾಗಲೇ ಗೆದ್ದಲು ತಡೆಯ ಭಾರತೀಯ ಮಾನಕ ಐಎಸ್ 6313ರ ಪ್ರಕಾರ ಮಣ್ಣಿಗೆ ಔಷಧ ಹಾಕಿಸಬೇಕು, ಕಟ್ಟಡ ಮುಗಿದ ಮೇಲೆ ಹಾಕುವುದು ಅರೆಬರೆ ಪರಿಹಾರ.

ಚಾವಣಿ ಸಮತಟ್ಟಾದ ಕಾಂಕ್ರೀಟ್ ಆಗಿರಬಾರದು ಎಂಬುದನ್ನು ಕೊಡಗಿನ ಯಾವ ಮೇಸ್ತ್ರಿಯೂ ಹೇಳುತ್ತಾನೆ, ನಕ್ಷೆ ಬೆಂಗಳೂರಿನಿಂದ ಬಂದಾಗ ಮಾತ್ರ ಮರೆತುಹೋಗುತ್ತದೆ. ಜಾಗ ಆರಿಸುವಾಗ 2018ರ ಆಗಸ್ಟ್‌ನ ಭೂಕುಸಿತ ಮನಸ್ಸಿನಲ್ಲಿರಬೇಕು. ನೋಟ ಚೆನ್ನಾಗಿದೆ ಎಂದು ಗುಡ್ಡದ ಅಂಚು ಕಡಿದು ಕಟ್ಟುವ ಸ್ಮಾರಕ, ಮುಂದಿನ ಕುಸಿತದ ಮೊದಲ ಸಾಲಿನಲ್ಲಿರುತ್ತದೆ.

ಪ್ರತಿಮೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಸ್ತೆ, ಸಾರ್ವಜನಿಕ ಬಳಕೆಯ ಜಾಗಗಳಲ್ಲಿ ಪ್ರತಿಮೆಗೆ ಅನುಮತಿ ಕೊಡಬಾರದೆಂದು ಸುಪ್ರೀಂ ಕೋರ್ಟ್ 2013ರ ಜನವರಿಯಲ್ಲೇ ಹೇಳಿದೆ. ಕಂಚಿನದಾದರೆ ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ತೊಳೆದು ಒಣಗಿಸಿ ಮೇಣ ಹಚ್ಚಬೇಕು. ಕಂಚಿಗೆ ಚಿನ್ನದ ಬಣ್ಣ ಬಳಿಯಬಾರದು. ಅಷ್ಟೆ.

ಹಣದ ವಿಷಯದಲ್ಲಿ ಒಂದೇ ಮಾತು ಮುಖ್ಯ. ಕಟ್ಟಡಕ್ಕೆ ಕೋಟಿಗಳ ಲೆಕ್ಕದಲ್ಲಿ ಒಮ್ಮೆ ಸಿಗುವ ಅನುದಾನ, ಸಂಗ್ರಹ ನೋಡಿಕೊಳ್ಳುವ ಒಬ್ಬ ಕ್ಯುರೇಟರಿಗೆ ತಿಂಗಳಿಗೆ ಸಂಬಳವಾಗಿ ಸಿಗುವುದಿಲ್ಲ. ರಾಜ್ಯದಲ್ಲಿ ಜಿಲ್ಲೆಗೊಂದು ಗಾಂಧಿ ಭವನ ಎಂಬ ಯೋಜನೆ ಬಂತು. ಊರೂರಿಗೆ ಅಂಬೇಡ್ಕರ್ ಭವನಗಳಿವೆ. ಹುದ್ದೆಯೇ ಮಂಜೂರಾಗದ ಭವನ ಸಭೆ, ಸಮಾರಂಭ, ಕಡೆಗೆ ಮದುವೆಗೆ ಬಾಡಿಗೆಗೆ ಹೋಗುವ ಹಾಲ್ ಆಗುತ್ತದೆ. ಇದರಲ್ಲಿ ನಡೆಸುವವರ ತಪ್ಪು ಕಡಿಮೆ. ವಿದ್ಯುತ್ ಬಿಲ್ಲು ಕಟ್ಟಲು ಅವರಿಗೆ ಬೇರೆ ದಾರಿಯಿಲ್ಲ.

ದಿಡ್ಡಳ್ಳಿಯ ದಾಖಲೆ ಈಗಲೇ

ಮ್ಯೂಸಿಯಂಗಳು ಸಾಮಾನ್ಯವಾಗಿ ಐವತ್ತು ವರ್ಷ ತಡವಾಗಿ ಎಚ್ಚರಗೊಳ್ಳುತ್ತವೆ. ಕೊಡಗಿನಲ್ಲಿ ಹಾಗೆ ಕಾಯಬೇಕಿಲ್ಲ. 2016ರ ಡಿಸೆಂಬರ್‌ನಲ್ಲಿ ಆಗಿನ ವಿರಾಜಪೇಟೆ ತಾಲ್ಲೂಕಿನ ದಿಡ್ಡಳ್ಳಿಯಲ್ಲಿ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಅರಣ್ಯ ಇಲಾಖೆ ಕಿತ್ತುಹಾಕಿತು. ಲೈನ್‌ಮನೆ ಬಿಟ್ಟು ಸ್ವಂತ ನೆಲ ಬೇಕೆಂದು ಬಂದವರು ಅವರಲ್ಲಿ ಬಹಳ ಮಂದಿ. ತಿಂಗಳುಗಟ್ಟಲೆ ಹೋರಾಟ ನಡೆದು, ಕಡೆಗೆ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಆಯಿತು. ಅದು ಸರಿಯಾಗಿ ಆಯಿತೇ ಇಲ್ಲವೇ ಎಂಬ ಜಗಳ ಬೇರೆ. ಆ ಹೋರಾಟದ ಕರಪತ್ರ, ಅರ್ಜಿಯ ಪ್ರತಿ, ಗುಡಿಸಲಿನ ಪ್ಲಾಸ್ಟಿಕ್ ಹೊದಿಕೆ, ಮೊಬೈಲ್ ವಿಡಿಯೊ ಎಲ್ಲ ಈಗ ಹತ್ತು ಕಡೆ ಚದುರಿವೆ. ಮೊಬೈಲುಗಳಂತೂ ಆಗಲೇ ಬದಲಾಗಿವೆ.

ಸಂಗ್ರಹಿಸಲು ಕಟ್ಟಡ ಬೇಕಿಲ್ಲ. ಕಾಗದವನ್ನು 400 ಡಿಪಿಐ, ಬಣ್ಣದಲ್ಲಿ, ಟಿಫ್ ಫೈಲಾಗಿ ಸ್ಕ್ಯಾನ್ ಮಾಡಬೇಕು; ಎ4 ಪುಟವೊಂದಕ್ಕೆ ಸುಮಾರು 46 ಎಂಬಿ ಆಗುತ್ತದೆ. ವಿಡಿಯೊವನ್ನು ವಾಟ್ಸ್ಆಪ್‌ನಲ್ಲಿ ತರಿಸಿಕೊಳ್ಳಬಾರದು, ಅದು ಫೈಲನ್ನು ಕುಗ್ಗಿಸಿ, ತೆಗೆದ ದಿನ, ಸಮಯವನ್ನು ಅಳಿಸಿಬಿಡುತ್ತದೆ. ಕೇಬಲ್ ಹಾಕಿ ಮೂಲ ಫೈಲನ್ನೇ ತೆಗೆದುಕೊಳ್ಳಬೇಕು. ಮಾತನ್ನು 48 ಕಿಲೋಹರ್ಟ್ಸ್, 24 ಬಿಟ್ ವೇವ್ ಫೈಲಾಗಿ ದಾಖಲಿಸಿದರೆ ಒಂದು ಮೈಕಿನ ಒಂದು ಗಂಟೆಗೆ 500 ಎಂಬಿ ಚಿಲ್ಲರೆ. ಕಾಲರಿಗೆ ಸಿಕ್ಕಿಸುವ ಮೈಕು ಬೇಕೇಬೇಕು. ತಗಡಿನ ಸೂರಿನ ಮೇಲೆ ಮಳೆ ಬೀಳುವಾಗ ಮಾಡಿದ ರೆಕಾರ್ಡಿಂಗ್ ಕೇಳಲಾಗುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಕಾಫಿ ಕುಯ್ಲಿನ ಕೆಲಸ, ಆಗ ಯಾರಿಗೂ ಪುರುಸೊತ್ತಿರುವುದಿಲ್ಲ. ಮಾರ್ಚ್, ಏಪ್ರಿಲ್ ಸರಿಯಾದ ಕಾಲ. ಪ್ರತಿ ಫೈಲಿಗೆ ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಜಿಲ್ಲೆಯ ಹೊರಗೆ.

ಕೇಳುವವರು ಕನ್ನಡದಲ್ಲೇ ಕೇಳಿದರೆ ಉತ್ತರಗಳು ಅರ್ಜಿಯ ಭಾಷೆಗೆ ತಿರುಗುತ್ತವೆ. ಯರವ ನುಡಿ, ಕುರುಬ ನುಡಿ ಬಲ್ಲ ಆ ಸಮುದಾಯದ ಯುವಕ ಯುವತಿಯರೇ ಕೇಳಬೇಕು, ಅವರಿಗೆ ದಿನಗೂಲಿಗೆ ಕಡಿಮೆಯಿಲ್ಲದ ಸಂಭಾವನೆ ಕೊಡಬೇಕು. ಒಪ್ಪಿಗೆ ಪತ್ರದಲ್ಲಿ ಯಾರು ಕೇಳಬಹುದು, ಹೆಸರು ಹಾಕಬಹುದೇ, ಎಷ್ಟು ವರ್ಷ ಮುಚ್ಚಿಡಬೇಕು, ಬೇಡವೆನಿಸಿದರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಇರಬೇಕು. ಕೇಸು ಇನ್ನೂ ನಡೆಯುತ್ತಿರುವವರ ಮಾತನ್ನು ವಕೀಲರನ್ನು ಕೇಳದೆ ಹೊರಗೆ ಬಿಡಬಾರದು. ಓದಲು ಬಾರದವರಿಗೆ ಪತ್ರವನ್ನು ಅವರ ನುಡಿಯಲ್ಲಿ ಓದಿ ಹೇಳಿ, ಅವರು ಒಪ್ಪಿದ ಮಾತನ್ನು ರೆಕಾರ್ಡಿಂಗಿನ ಆರಂಭದಲ್ಲೇ ಸೇರಿಸಿಕೊಳ್ಳಬೇಕು. ಒಂದು ಪ್ರತಿ ಅವರಿಗೂ ಸೇರಬೇಕು. ಪೆನ್‌ಡ್ರೈವ್ ಕೊಟ್ಟರೆ ಹಾಕಲು ಕಂಪ್ಯೂಟರ್ ಇರುವುದಿಲ್ಲ; ಮೊಬೈಲಿನ ಮೆಮೊರಿ ಕಾರ್ಡಿಗೆ ಎಂಪಿ3 ಮಾಡಿ ಹಾಕಿಕೊಟ್ಟರೆ ಮನೆಯವರೆಲ್ಲ ಕೇಳುತ್ತಾರೆ, ತಪ್ಪಿದ್ದರೆ ಮುಂದಿನ ಸಲ ಹೋದಾಗ ಹೇಳುತ್ತಾರೆ.